ತಾಲೀಮಿನ ಅದಬು

ದಾದರಿನ ಶಿವಾಜಿ ಪಾರ್ಕಿನಲ್ಲಿರುವ ಶ್ರೀ ಸಮರ್ಥ ವ್ಯಾಯಾಮ ಮಂದಿರ 1925ರಷ್ಟು ಹಳೆಯದು. ಅಲ್ಲಿ ಮಲ್ಲಕಂಬ ಏರುವ ಮಕ್ಕಳನ್ನು ಕಂಡರೆ ದಾರಿಹೋಕರೂ ನಿಂತು ನೋಡುತ್ತಾರೆ. ಈ ಕಂಬದ ಬಗ್ಗೆ ಮರಾಠಿ ಮಲ್ಲರು ಹೇಳುವ ಒಂದು ಕತೆಯಿದೆ. ಎರಡನೇ ಬಾಜೀರಾಯ ಪೇಶ್ವೆಯ ಕಾಲದಲ್ಲಿ ಹೈದರಾಬಾದಿನ ಕಡೆಯಿಂದ ಅಲಿ, ಗುಲಾಬ್ ಎಂಬ ಇಬ್ಬರು ಪೈಲ್ವಾನರು ಪುಣೆಗೆ ಬಂದು ತೊಡೆ ತಟ್ಟಿದರಂತೆ. ಎದುರು ನಿಲ್ಲುವವರಿಲ್ಲ. ಬಾಳಂಭಟ್ಟ ದಾದಾ ದೇವಧರ ಎಂಬ ತರುಣ ಸಪ್ತಶೃಂಗಿ ಬೆಟ್ಟಕ್ಕೆ ಹೋಗಿ, ಕಂಬದ ಮೇಲೆ ಸಾಮು ಮಾಡಿ, ಮರಳಿ ಬಂದು ಅಲಿಯನ್ನು ಕೆಡವಿದನಂತೆ. ಎಲ್ಲರೂ ದೇವಧರನನ್ನು ಹೊಗಳುತ್ತಾರೆ, ಸರಿಯೇ. ಆದರೆ ಸೋತವನ ಹೆಸರನ್ನೂ ಕತೆ ಕೈಬಿಟ್ಟಿಲ್ಲ ಎನ್ನುವುದು ನನಗೆ ಹೆಚ್ಚು ಹಿಡಿಸಿದ ಸಂಗತಿ.

ಮುಂಬಯಿ ಸೀಮೆಯ ತಾಲೀಮುಗಳಿಗೆ ಮುಸ್ಲಿಂ ವಸ್ತಾದರ ಋಣ ದೊಡ್ಡದು. ಕುಸ್ತಿ, ಲಾಠಿ, ಪಟ್ಟಾ ವರಸೆಗಳ ಜೊತೆಗೆ ಅವರು ಕಲಿಸಿದ್ದು ಅದಬು, ಅಂದರೆ ನಡತೆ. ಅದರ ಬೇರು ಇರಾನಿನ ಜೂರ್‌ಖಾನೆಗಳವರೆಗೂ ಹೋಗುತ್ತದೆ. ಅಲ್ಲಿನ ಗರಡಿಯ ಬಾಗಿಲು ಬೇಕೆಂದೇ ಗಿಡ್ಡ. ಎಂಥ ಜಗಜಟ್ಟಿಯೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನಮ್ಮ ಪೈಲ್ವಾನರಂತೆ ಅವರೂ ಮುದ್ಗರ ತಿರುವುತ್ತಾರೆ, ಡೋಲಿನ ಗತ್ತಿಗೆ ಕಸರತ್ತು ಮಾಡುತ್ತಾರೆ, ಪ್ರವಾದಿಯ ಅಳಿಯ ಹಜರತ್ ಅಲಿಯ ಹೆಸರು ಹೇಳುತ್ತಾರೆ. 2010ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಯುದ್ಧದಲ್ಲೂ ಹದ್ದು ಮೀರಬಾರದು ಎಂಬುದಕ್ಕೆ ಈ ಪರಂಪರೆ ಮುಂದಿಡುವ ಮಾದರಿ ಇದೇ ಹಜರತ್ ಅಲಿ. ರೂಮಿಯ ಮಸ್ನವಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಕೆಳಗೆ ಬಿದ್ದ ಶತ್ರು ಅಲಿಯ ಮುಖಕ್ಕೆ ಉಗುಳುತ್ತಾನೆ. ಎತ್ತಿದ ಖಡ್ಗವನ್ನು ಅಲಿ ಇಳಿಸಿಬಿಡುತ್ತಾರೆ. ದೇವರಿಗಾಗಿ ಹೋರಾಡುತ್ತಿದ್ದವನಿಗೆ ಈಗ ಸ್ವಂತದ ಸಿಟ್ಟು ಬಂದಿದೆ, ಸಿಟ್ಟಿನಿಂದ ಕೊಂದರೆ ಅದು ಧರ್ಮವಲ್ಲ ಎಂಬುದು ಅವರ ಕಾರಣ. ಮೊಹರಮ್ಮಿನಲ್ಲಿ ರಿವಾಯತ್ ಪದ ಕೇಳಿ ಬೆಳೆದ ವಿಜಯಪುರ, ಕಲಬುರಗಿ ಕಡೆಯವರಿಗೆ ಅಲಿಯ ಶೌರ್ಯದ ಕತೆ ಹೊಸದಲ್ಲ. ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರಲ್ಲ.

ಈ ಅದಬು ಎಲ್ಲ ಕಾಲಕ್ಕೂ ಉಳಿಯಿತು ಎಂದರೆ ಸುಳ್ಳಾಗುತ್ತದೆ. ನೂರು ವರ್ಷಗಳಿಗೂ ಹಿಂದೆ ಮುಂಬಯಿಯ ಮೊಹರಮ್ ಎಂದರೆ ಮೊಹಲ್ಲಾಗಳ ‘ಟೋಳಿ’ಗಳದ್ದೇ ಕಾರುಬಾರು. ಡೋಲು ಬಾರಿಸುತ್ತ, ಕೋಲು ಹಿಡಿದು ರಾತ್ರಿ ಹೊರಡುತ್ತಿದ್ದ ಈ ತಂಡಗಳಿಗೆ ಪಕ್ಕದ ಬೀದಿಯವರೇ ಎದುರಾಳಿಗಳು. ಕೈಕೈ ಮಿಲಾಯಿಸುವುದು ಮಾಮೂಲಾಗಿತ್ತು. 1911ರಲ್ಲಿ ಗಲಭೆಯಾಗಿ ಗೋಲಿಬಾರೂ ನಡೆಯಿತು. ಮರುವರ್ಷ ಪೊಲೀಸ್ ಕಮಿಷನರ್ ಎಸ್.ಎಂ. ಎಡ್ವರ್ಡ್ಸ್ ತಂದ ನಿಯಮಗಳಿಂದ ಟೋಳಿಗಳ ಆ ಮೆರವಣಿಗೆ ನಿಂತೇಹೋಯಿತು. ಸರ್ಕಾರದ ಕೈ ಬಿಗಿಯಾಗಿತ್ತು ನಿಜ, ಆದರೆ ಕೋಲು ಹಿಡಿದವರು ವಸ್ತಾದನ ಮಾತು ಮರೆತಿದ್ದರು ಎನ್ನುವುದೂ ಅಷ್ಟೇ ನಿಜ.

ಅದೇ ಹೊತ್ತಿಗೆ ಕುಸ್ತಿಗೆ ಹೊನ್ನಿನ ಕಾಲ ಬಂದಿತ್ತು. 1910ರಲ್ಲಿ ಲಂಡನ್ನಿಗೆ ಹೋದ ಗಾಮಾ ಪೈಲ್ವಾನನ ಎದುರು ಪೋಲೆಂಡಿನ ಜ್ಬಿಸ್ಕೊ ಎರಡೂವರೆ ತಾಸಿಗೂ ಮಿಕ್ಕಿ ಬೋರಲಾಗಿ ನೆಲ ಹಿಡಿದು ಬಚಾವಾದ. ಮುಂದಿನ ವಾರದ ಪಂದ್ಯಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಸಿಕ್ಕಾಗ ಗಾಮಾ ಒಂದು ನಿಮಿಷದೊಳಗೇ ಅವನನ್ನು ಚಿತ್ ಮಾಡಿದ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ತೆರೆದಾಗ ಅಲ್ಲಿ ಮಣ್ಣಿಗಿಳಿದದ್ದು ಗಾಮಾನ ತಮ್ಮ ಇಮಾಮ್ ಬಕ್ಷ್. ನಿಪ್ಪಾಣಿ, ಬೆಳಗಾವಿಯ ಕುಸ್ತಿ ಶೌಕೀನರಿಗೆ ಆ ಮೈದಾನ ಇಂದಿಗೂ ತವರಿದ್ದಂತೆ.

ಇನ್ನು ಜುಹುವಿನಲ್ಲಿ ನೆಲೆಸಿದ್ದ ದಾರಾ ಸಿಂಗ್. ಹುಟ್ಟಿನಿಂದ ಪಂಜಾಬಿನ ಸಿಖ್ಖ. 1954ರಲ್ಲಿ ಪಡೆದ ‘ರುಸ್ತುಂ-ಎ-ಹಿಂದ್’ ಬಿರುದಿನ ರುಸ್ತುಂ ಪರ್ಷಿಯನ್ ಕಾವ್ಯ ಶಾಹನಾಮೆಯ ವೀರ. ಮನೆಮನೆಗೆ ಪರಿಚಿತನಾದದ್ದು ರಾಮಾಯಣ ಧಾರಾವಾಹಿಯ ಹನುಮಂತನಾಗಿ. ಅಖಾಡದ ಮಣ್ಣು ಇವುಗಳಲ್ಲಿ ಯಾವುದನ್ನೂ ಬೇರೆ ಮಾಡಿ ನೋಡಲಿಲ್ಲ.

ಮಣ್ಣಿನ ವಿಚಾರ ಬಂತು. ಕೆಮ್ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಣ್ಣೆ, ನಿಂಬೆರಸ ಬೆರೆಸಿ ಹದ ಮಾಡುವುದು ಶಿಷ್ಯರ ಕೆಲಸ. ಕಣಕ್ಕಿಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳಬೇಕು, ವಸ್ತಾದರ ಕಾಲು ಹಿಡಿಯಬೇಕು. ಎದುರಾಳಿಯ ಕೈಗೆ ಮಣ್ಣು ಕೊಟ್ಟು ಸಲಾಮಿ ಮಾಡಬೇಕು. ಬೀದಿಯಲ್ಲಿ ಪಟ್ಟು ತೋರಿಸಿದವನಿಗೆ ಅಖಾಡದ ಬಾಗಿಲು ಬಂದ್. ಇನ್ನೊಂದು ವಿಶೇಷ: ಹಳೆಯ ಪೈಲ್ವಾನರಲ್ಲಿ ಅನೇಕರು ಉಳುಕು ತೆಗೆಯುವ, ಮೂಳೆ ಕೂಡಿಸುವ ವಿದ್ಯೆಯನ್ನೂ ಬಲ್ಲವರು. ಕೀಲು ಮುರಿಯಬಲ್ಲವನಿಗೆ ಕೀಲು ಕೂಡಿಸಲೂ ಬರಬೇಕಿತ್ತು.

ಬರೋಡಾದ ಪ್ರೊಫೆಸರ್ ಮಾಣಿಕರಾವ್ ಇಂಥವರಲ್ಲೊಬ್ಬರು. ಅವರ ಗುರು ಜುಮ್ಮಾದಾದಾ ಮುಸ್ಲಿಂ ವಸ್ತಾದ್. ಗುರುವಿನ ವಿದ್ಯೆಯಿಂದ ಹೆಸರು ಮಾಡಿದ ಶಿಷ್ಯ ವ್ಯಾಯಾಮಶಾಲೆಗೆ ತನ್ನ ಹೆಸರಿಡಲಿಲ್ಲ. ಅದು ಇಂದಿಗೂ ಜುಮ್ಮಾದಾದಾ ವ್ಯಾಯಾಮ ಮಂದಿರ.

ಎಲ್ಲ ವಸ್ತಾದರಿಗೂ ಇಂಥ ಶಿಷ್ಯರು ಸಿಗಲಿಲ್ಲ. ಮುಂಬಯಿಯ ಗಿರಣಿಗಳು ಮುಚ್ಚಿ ಲಾಲ್‌ಬಾಗ್, ಪರಳಗಳ ಮುಖವೇ ಬದಲಾಗಿದೆ, ಕುಸ್ತಿ ಮಣ್ಣಿನಿಂದ ಮ್ಯಾಟಿಗೆ ಹತ್ತಿದೆ. ಊರಲ್ಲಿ ತಾಲೀಮು ಮಾಡಿ ಬಂದು ಮುಂಬಯಿಯಲ್ಲಿ ದುಡಿದ ಕನ್ನಡದ ಹಿರಿಯರು ಕಲ್ಯಾಣ್, ಡೊಂಬಿವಲಿಯ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ವಿದ್ಯೆ ಕೊಟ್ಟ ವಸ್ತಾದರು ಯಾರು, ಯಾವ ಊರಿನವರು, ಏನು ಕಲಿಸಿದರು ಎಂದು ಕೇಳಿ ಬರೆದಿಡಿ. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅದಕ್ಕೆ ನಾಲ್ಕು ಪುಟ ಕೊಡಲಿ.