ಆಬಿಡ್ಸಿನ ಭಾನುವಾರದ ಪುಸ್ತಕ ಸಂತೆ

ಊರು ಬಿಟ್ಟು ಸಿಕಂದರಾಬಾದಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಭಾನುವಾರವನ್ನು ಬಟ್ಟೆ ಒಗೆದು, ಉಂಡು, ಮಲಗಿ ಕಳೆಯುತ್ತಾರೆ. ಆರು ದಿನ ದುಡಿದವರನ್ನು ಅದಕ್ಕಾಗಿ ಆಕ್ಷೇಪಿಸಲು ನಾವು ಬಾರೆವು. ಆದರೆ ತಿಂಗಳಿಗೊಂದು ಭಾನುವಾರವನ್ನಾದರೂ ಕೋಠಿ ಮತ್ತು ಆಬಿಡ್ಸಿಗೆ ಮೀಸಲಿಟ್ಟರೆ, ಕೈಯಲ್ಲಿ ಹಣ ಹೆಚ್ಚಿರದಿದ್ದರೂ ಒಂದೆರಡು ಪುಸ್ತಕ, ಒಂದು ಕಪ್ಪು ಒಳ್ಳೆಯ ಚಹಾ ದಕ್ಕುತ್ತವೆ.

ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕಂದರಾಬಾದ್ ವೆಸ್ಟ್ ಮೆಟ್ರೋ ನಿಲ್ದಾಣವಿದೆ. 2020ರ ಫೆಬ್ರುವರಿಯಲ್ಲಿ ಆರಂಭವಾದ ಆ ಮಾರ್ಗದಲ್ಲಿ ಗಾಡಿ ಬದಲಿಸದೆ ನೇರವಾಗಿ ಸುಲ್ತಾನ್ ಬಜಾರಿನಲ್ಲಿ ಇಳಿಯಬಹುದು. ಅಲ್ಲಿಂದ ಮುಂದಕ್ಕೆ ಕಾಲ್ನಡಿಗೆಯೇ ಸೈ.

ಸುಲ್ತಾನ್ ಬಜಾರಿಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂದು ಹೆಸರು. ನಿಜಾಮರ ದರಬಾರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಭವ್ಯ ಸೌಧ ಕೋಠಿಯಲ್ಲೇ ಇದೆ. ಈಗ ಅದು ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗಿದೆ. ಸುತ್ತಲಿನ ಬಜಾರು 1933ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಆದಕಾರಣ ಸಭೆ ಸೇರುವುದಕ್ಕೂ ಪತ್ರಿಕೆ ಓದುವುದಕ್ಕೂ ನಿಜಾಮ ಸರಕಾರದ ಕಟ್ಟುಪಾಡು ಇಲ್ಲಿ ಅಷ್ಟಾಗಿ ತಾಗುತ್ತಿರಲಿಲ್ಲ. 1901ರಲ್ಲಿ ತೆಲುಗರು ತಮ್ಮದೊಂದು ಗ್ರಂಥಾಲಯವನ್ನು ಇಲ್ಲಿಯೇ ತೆರೆದು ಶ್ರೀ ಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂದು ಕರೆದರು. ವಿಜಯನಗರದ ಅರಸ ನಮ್ಮವನೂ ಹೌದಲ್ಲ ಎಂದು ನಾವು ಒಮ್ಮೆ ಅಲ್ಲಿಯ ತೆಲುಗು ಮಿತ್ರರೊಬ್ಬರೊಡನೆ ವಾದ ಹೂಡಿ, ಚಹಾದ ಹೊತ್ತಿಗೆ ರಾಜಿಯಾದದ್ದುಂಟು.

ಕೋಠಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಹೆಚ್ಚಾಗಿ ಕಾಲೇಜು ಪಠ್ಯಗಳು, ಪರೀಕ್ಷೆಯ ಗೈಡುಗಳು ಸಿಕ್ಕುತ್ತವೆ. ಇಲಾಖಾ ಪರೀಕ್ಷೆಗೆ ಓದುವ ಗುಮಾಸ್ತರಿಗೆ ಅಷ್ಟೇ ಸಾಕು. ಉಳಿದವರು ಇಪ್ಪತ್ತು ನಿಮಿಷ ನಡೆದು ಆಬಿಡ್ಸಿಗೆ ಹೋಗಬೇಕು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಆಬಿಡ್ ಎಂಬಾತ ಇಲ್ಲಿ ಅಂಗಡಿ ಇಟ್ಟಿದ್ದ. ಅಂಗಡಿ ಹೋಯಿತು, ಹೆಸರು ಉಳಿಯಿತು. ನೌಕರನೊಬ್ಬನ ಹೆಸರು ಇಷ್ಟು ದೊಡ್ಡ ಪೇಟೆಗೆ ಅಂಟಿಕೊಂಡದ್ದು ನಮ್ಮಂಥವರಿಗೆ ಸಂತೋಷದ ಸಂಗತಿಯೇ ಸರಿ.

ಭಾನುವಾರ ಇಲ್ಲಿಯ ದೊಡ್ಡ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ಕಾಲುದಾರಿಯ ಮೇಲೆ ಪುಸ್ತಕಗಳು ಹರಡಿಕೊಳ್ಳುತ್ತವೆ. ಇಂಗ್ಲಿಷು, ಉರ್ದು, ತೆಲುಗು, ಹಿಂದಿ. ಕನ್ನಡ ಎಲ್ಲಿ ಎಂದು ಕೇಳಿದರೆ ವ್ಯಾಪಾರಿ ತಲೆಯಲ್ಲಾಡಿಸುತ್ತಾನೆ. ಅವನ ಮಾತನ್ನು ನಂಬಬೇಡಿ. ಅವನು ಸುಳ್ಳು ಹೇಳುತ್ತಿಲ್ಲ. ನಮ್ಮ ಲಿಪಿಯೂ ತೆಲುಗು ಲಿಪಿಯೂ ಅವನ ಕಣ್ಣಿಗೆ ಒಂದೇ. ಕನ್ನಡ ಪುಸ್ತಕ ಬಂದರೆ ಅದು ತೆಲುಗಿನ ರಾಶಿಗೇ ಬೀಳುತ್ತದೆ. ಆದ್ದರಿಂದ ಆ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬೆನ್ನುಗಳನ್ನು ಒಂದೊಂದಾಗಿ ನೋಡಿ. ತೆಲುಗಿನ ತಲೆಕಟ್ಟು ಮೇಷ್ಟರು ಹಾಕುವ ಸರಿಗುರುತಿನಂತೆ ಮೇಲಕ್ಕೆ ಚಾಚಿರುತ್ತದೆ; ನಮ್ಮದು ಅಡ್ಡಗೆರೆಯಾಗಿ ಹೋಗಿ ಬಲತುದಿಯಲ್ಲಿ ಸುತ್ತಿಕೊಳ್ಳುತ್ತದೆ. ಸ್ವಲ್ಪ ಅಭ್ಯಾಸವಾದರೆ ಮಾರು ದೂರದಿಂದಲೇ ಗುರುತು ಸಿಕ್ಕುತ್ತದೆ. ಸಿಕ್ಕಿದಾಗ ಮುಖದಲ್ಲಿ ಸಂತೋಷ ತೋರಿಸದಿರುವುದು ಲೇಸು, ಬೆಲೆ ಏರುತ್ತದೆ.

ಈ ಪುಸ್ತಕಗಳು ಎಲ್ಲಿಂದ ಬರುತ್ತವೆ? 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಓದಲು, ನೌಕರಿಗೆ, ವ್ಯಾಜ್ಯಕ್ಕೆ ಇಲ್ಲಿಗೇ ಬರಬೇಕಿತ್ತು. ಬಂದವರಲ್ಲಿ ಹಲವರು ಕಾಚಿಗುಡ ಮೊದಲಾದ ಕಡೆ ನೆಲೆಸಿದರು. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಬೆಳೆದವು. ಆ ಹಿರಿಯರು ಕೂಡಿಟ್ಟ ಪುಸ್ತಕಗಳನ್ನು ಮೊಮ್ಮಕ್ಕಳು ಓದಲಾರರು. ಮನೆ ಬದಲಿಸುವಾಗ ರದ್ದಿಯವನ ತಕ್ಕಡಿಗೆ ಹಾಕುತ್ತಾರೆ.

ಕಳೆದ ಬೇಸಿಗೆಯಲ್ಲಿ ನಮಗೆ ಹೀಗೆ ರಟ್ಟು ಕಳಚಿದ ಒಂದು ಕನ್ನಡ ವ್ಯಾಕರಣ ಸಿಕ್ಕಿತು. ಕೊಂಡು ಹತ್ತಿರದ ಇರಾನಿ ಹೋಟೆಲಿಗೆ ಹೋದೆವು. ಇರಾನಿಗಳ ಚಹಾದ ಗುಟ್ಟು ಇಷ್ಟೇ: ಡಿಕಾಕ್ಷನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಇರುತ್ತದೆ, ಹಾಲು ಬೇರೆಯಾಗಿ ಕುದಿದು ಗಟ್ಟಿಯಾಗುತ್ತದೆ, ಎರಡೂ ಸೇರುವುದು ಕಪ್ಪಿನಲ್ಲಿಯೇ. ಜೊತೆಗೆ ಉಪ್ಪು ಸಿಹಿ ಕೂಡಿದ ಉಸ್ಮಾನಿಯಾ ಬಿಸ್ಕತ್ತು. ಒಂದು ಕಪ್ಪು ತೆಗೆದುಕೊಂಡವನನ್ನು ಏಳೆಂದು ಹೇಳದಿರುವುದು ಈ ಹೋಟೆಲುಗಳ ಹಳೆಯ ಮರ್ಯಾದೆ. ಬರಹಗಾರರೂ ರಾಜಕಾರಣಿಗಳೂ ಗಂಟೆಗಟ್ಟಲೆ ಕೂಡುತ್ತಿದ್ದ ಆಬಿಡ್ಸಿನ ಓರಿಯಂಟ್ ಹೋಟೆಲು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ನಿಂತು ಕುಡಿಯುವ ಅಂಗಡಿಗಳೇ ಹೆಚ್ಚು. ಕುರ್ಚಿಯಿರುವ ಕಡೆಯನ್ನು ಹುಡುಕಿಕೊಳ್ಳಬೇಕು.

ಮೇಜಿನ ಮೇಲೆ ಪುಸ್ತಕ ಬಿಚ್ಚಿದಾಗ ಒಳಹಾಳೆಯಲ್ಲಿ ಪೆನ್ಸಿಲಿನ ತಿಂಗಳ ಲೆಕ್ಕ ಕಂಡಿತು. ಕೋಣೆ ಬಾಡಿಗೆ, ಹಾಲು, ದೀಪದ ಎಣ್ಣೆ. ಕೊನೆಯಲ್ಲಿ, ತಾಯಿಯವರಿಗೆ ಧಾರವಾಡಕ್ಕೆ ಕಲ್ದಾರ 6, ಹಾಲಿ 7. ಇಂದಿನ ಹುಡುಗರಿಗೆ ಇದು ಒಗಟು. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ ಸಿಕ್ಕ. 1950ರ ದಶಕದಲ್ಲಿ ಅದು ಚಲಾವಣೆಯಿಂದ ಹೋಯಿತು. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರವೆಂದು ಹೆಸರು. ಏಳು ಹಾಲಿಗೆ ಆರು ಕಲ್ದಾರ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದುದರಿಂದ ತಾಯಿಯ ಕೈಗೆ ಆರು ರೂಪಾಯಿ ಮುಟ್ಟಿಸಲು ಈ ಮಹಾನುಭಾವ ಇಲ್ಲಿ ಏಳು ದುಡಿಯಬೇಕಿತ್ತು. ಹೆಸರು ಬರೆದಿಲ್ಲ. ನಾವು ಎರಡನೆಯ ಚಹಾ ತರಿಸಿ ಆ ಪುಟವನ್ನೇ ನೋಡುತ್ತ ಕುಳಿತೆವು.

ಹೋಗುವವರು ಬೆಳಗಿನ ಹತ್ತರ ಸುಮಾರಿಗೆ ಹೋಗಿ. ಮಳೆ ಹನಿಯಿತೆಂದರೆ ರಾಶಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಬೀಳುತ್ತದೆ. ಕನ್ನಡದ್ದು ಏನೇ ಸಿಕ್ಕಲಿ, ಓದಿಯಾದ ಮೇಲೆ ಬೇಡವೆನಿಸಿದರೆ ರದ್ದಿಗೆ ಹಾಕದೆ ವಾಚನಾಲಯಕ್ಕೆ ತಂದುಕೊಡಿ. ಆ ವ್ಯಾಕರಣಕ್ಕೆ ಹೊಸ ರಟ್ಟು ಹಾಕಿಸಿ ಬಾಗಿಲ ಬಳಿಯ ಬೀರುವಿನಲ್ಲಿ ಇಟ್ಟಿದ್ದೇವೆ. ಲೆಕ್ಕದ ಹಾಳೆಯನ್ನು ತೆಗೆಯಬೇಡವೆಂದು ಬೈಂಡಿನವನಿಗೆ ಹೇಳಿದ್ದೆವು. ಅದು ಹಾಗೆಯೇ ಇದೆ.