ಬರೆದವರಿಗೆ ಹೇಳದೆ ಅಳಿಸುವ ಅಧಿಕಾರ

ಎಕ್ಸ್‌ನಲ್ಲಿ ಕೆಲವು ಖಾತೆಗಳನ್ನು ತೆರೆದರೆ ಬರಹಗಳಿರಬೇಕಾದ ಜಾಗದಲ್ಲಿ ಒಂದೇ ಸಾಲು ಕಾಣುತ್ತದೆ: ಕಾನೂನಿನ ಬೇಡಿಕೆಯಂತೆ ಈ ಖಾತೆಯನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ. ಬೇಡಿಕೆ ಯಾರದು, ಯಾವ ಮಾತಿನ ಮೇಲೆ, ಎಷ್ಟು ದಿನಕ್ಕೆ ಎಂಬ ವಿವರ ಅಲ್ಲಿರುವುದಿಲ್ಲ. ಅದೇ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ರಾಜ್ಯ ಸರ್ಕಾರ ಕಾರಣಗಳನ್ನು ಬರೆದು ಅಧಿಸೂಚನೆ ಹೊರಡಿಸಬೇಕು. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಬ್ರಿಟಿಷರು ಕೂಡ ತಮ್ಮ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಪುಸ್ತಕಕ್ಕೆ ಕೊಟ್ಟಿದ್ದ ಈ ಮರ್ಯಾದೆ ಸ್ವತಂತ್ರ ಭಾರತದಲ್ಲಿ ಮೊಬೈಲಿನಲ್ಲಿ ಬರೆದ ಎರಡು ಸಾಲಿಗೆ ಏಕಿಲ್ಲ?

ಇದು ಒಬ್ಬ ಮಂತ್ರಿಯ ಕೈವಾಡವಲ್ಲ, ಒಂದು ಪಕ್ಷದ ಪಾಪವೂ ಅಲ್ಲ. ಕಾಲು ಶತಮಾನದ ಅವಧಿಯಲ್ಲಿ ತುಂಡು ತುಂಡಾಗಿ ಕೂಡಿಬಂದ ಅಧಿಕಾರ.

ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸ್ವಾಮ್ಯದ ವಿಎಸ್‌ಎನ್‌ಎಲ್ ಮೂಲಕ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ಪಾಕಿಸ್ತಾನದ ‘ಡಾನ್’ ಪತ್ರಿಕೆಯ ಜಾಲತಾಣ ಇಲ್ಲಿ ತೆರೆಯದಾಯಿತು. ಆಗಿನ್ನೂ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಇರಲಿಲ್ಲ. ಯುದ್ಧಕಾಲವೆಂದು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

2003ರ ಪ್ರಸಂಗ ಇದಕ್ಕಿಂತ ಸ್ವಾರಸ್ಯಕರ. ಮೇಘಾಲಯದ ಪ್ರತ್ಯೇಕತಾವಾದಿ ಸಂಘಟನೆಯೊಂದರ ಪರವಾಗಿ ಯಾಹೂ ಗ್ರೂಪ್ಸ್‌ನಲ್ಲಿ ‘ಕಿನ್ಹುನ್’ ಎಂಬ ಪುಟ್ಟ ಗುಂಪಿತ್ತು. ಅದನ್ನು ತಡೆಯಿರಿ ಎಂದು ಸರ್ಕಾರ ಸೆಪ್ಟೆಂಬರ್‌ನಲ್ಲಿ ಸೇವಾದಾರ ಕಂಪನಿಗಳಿಗೆ ಆದೇಶ ಕೊಟ್ಟಿತು. ಒಂದು ಗುಂಪನ್ನು ಮಾತ್ರ ಬೇರ್ಪಡಿಸಿ ತಡೆಯುವುದು ಅವುಗಳಿಗೆ ಆಗಲಿಲ್ಲ. ಇಡೀ ಯಾಹೂ ಗ್ರೂಪ್ಸ್‌ಗೇ ಬೀಗ ಬಿತ್ತು. ಹಳೆಯ ವಿದ್ಯಾರ್ಥಿ ಸಂಘ, ವೈದ್ಯರ ಬಳಗ, ಅಡುಗೆ ಹವ್ಯಾಸಿಗಳು, ಎಲ್ಲರ ಪತ್ರವ್ಯವಹಾರವೂ ನಿಂತಿತು. ಮೂರು ವರ್ಷದ ನಂತರ, 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳ ಬೆನ್ನಿಗೇ ಮತ್ತದೇ ಕಥೆ. ಕೆಲವೇ ಪುಟಗಳ ಪಟ್ಟಿ ಬಂತು, ಬ್ಲಾಗ್‌ಸ್ಪಾಟ್ ಪೂರ್ತಿ ಮುಚ್ಚಿತು. ಕಂಪನಿಗಳ ಲೆಕ್ಕಾಚಾರ ಅಂದೇ ಗೊತ್ತಾಗಿತ್ತು. ಹೆಚ್ಚು ಮುಚ್ಚಿದರೆ ಕೇಳುವವರಿಲ್ಲ, ಕಡಿಮೆ ಮುಚ್ಚಿದರೆ ಸರ್ಕಾರ ಬಿಡುವುದಿಲ್ಲ.

ಈ ನಡುವೆ 2004ರ ಡಿಸೆಂಬರ್‌ನಲ್ಲಿ ಒಂದು ಬಂಧನ ನಡೆಯಿತು. ಬಾಝೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ ಯಾರೋ ಅಶ್ಲೀಲ ವಿಡಿಯೊ ತುಣುಕನ್ನು ಮಾರಾಟಕ್ಕಿಟ್ಟರು. ಪೊಲೀಸರು ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನೇ ಬಂಧಿಸಿದರು. ಸಂತೆಯಲ್ಲಿ ಕದ್ದ ಮಾಲು ಸಿಕ್ಕಿತೆಂದು ಸುಂಕದ ಗುತ್ತಿಗೆ ಹಿಡಿದವನನ್ನು ಒಳಗೆ ಹಾಕಿದಂತಾಯಿತು. ಉದ್ಯಮ ಬೆಚ್ಚಿತು. ಬಳಕೆದಾರರು ಹಾಕುವುದಕ್ಕೆಲ್ಲ ನಾವು ಜೈಲಿಗೆ ಹೋಗಬೇಕೇ ಎಂಬ ಅದರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಆ ಪ್ರಶ್ನೆಗೆ ಸಿಕ್ಕ ಉತ್ತರವೇ ಇಂದಿನ 79ನೇ ಸೆಕ್ಷನ್.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾದದ್ದು 2008ರ ಡಿಸೆಂಬರ್‌ನಲ್ಲಿ. ಮುಂಬೈ ದಾಳಿ ನಡೆದು ತಿಂಗಳೂ ತುಂಬಿರಲಿಲ್ಲ. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಮಸೂದೆಗೆ ಒಪ್ಪಿಗೆ ಬಿತ್ತು. ಅದರಲ್ಲಿ ಮೂರು ಸಂಗತಿಗಳಿದ್ದವು. ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷ ಜೈಲು ಎನ್ನುವ 66ಎ. ದೇಶದ ಸಾರ್ವಭೌಮತೆ, ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಅಂತರ್ಜಾಲದ ಮಾಹಿತಿಯನ್ನು ತಡೆಯಲು ಕೇಂದ್ರಕ್ಕೆ ಅಧಿಕಾರ ಕೊಡುವ 69ಎ. ಬಳಕೆದಾರರ ಬರಹಕ್ಕೆ ಕಂಪನಿ ಹೊಣೆಯಲ್ಲ ಎನ್ನುವ ಹೊಸ 79. ಈ ಕೊನೆಯದಕ್ಕೆ ಒಂದು ಬಾಲವಿತ್ತು, ಉಪಖಂಡ (3)(ಬಿ). ಕಾನೂನುಬಾಹಿರ ವಿಷಯವಿದೆ ಎಂದು ಸರ್ಕಾರ ಇಲ್ಲವೇ ಅದರ ಸಂಸ್ಥೆ ತಿಳಿಸಿದ ಮೇಲೂ ತೆಗೆಯದಿದ್ದರೆ ಕಂಪನಿಗೆ ಆ ರಕ್ಷಣೆ ಇರುವುದಿಲ್ಲ. ಮುಂದಿನ ಹದಿನೈದು ವರ್ಷ ಈ ಬಾಲದ ಕಡೆ ಹೆಚ್ಚಿನವರು ನೋಡಲೇ ಇಲ್ಲ.

69ಎ ಅಡಿಯ ನಿಯಮಗಳು 2009ರಲ್ಲಿ ಬಂದವು. ಓದಲು ಅವು ಚೆನ್ನಾಗಿಯೇ ಇವೆ. ಅಧಿಕಾರಿಗಳ ಸಮಿತಿ ಕೂರಬೇಕು, ಬರೆದವರನ್ನೋ ಕಂಪನಿಯನ್ನೋ ಗುರುತಿಸಿ ನೋಟಿಸ್ ಕೊಡಬೇಕು, ಉತ್ತರಕ್ಕೆ ಕನಿಷ್ಠ 48 ಗಂಟೆ ಬಿಡಬೇಕು, ಆದೇಶಗಳನ್ನು ಮೇಲಿನ ಸಮಿತಿ ಎರಡು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಆದರೆ ಇಬ್ಬರಲ್ಲಿ ಒಬ್ಬರಿಗೆ ನೋಟಿಸ್ ಕೊಟ್ಟರೆ ಸಾಕು ಎಂದಾದಾಗ ಅಧಿಕಾರಿ ಯಾರಿಗೆ ಕೊಡುತ್ತಾನೆ? ವಿಳಾಸ ಗೊತ್ತಿರುವ ಕಂಪನಿಗೆ. ಬರೆದವರು ಕೈಬಿಟ್ಟುಹೋದದ್ದು ಇಲ್ಲಿ. ಅದರ ಮೇಲೆ ದೂರು, ಆದೇಶ ಎಲ್ಲವೂ ಗೋಪ್ಯವಾಗಿರಬೇಕು ಎನ್ನುವ 16ನೇ ನಿಯಮ ಬೇರೆ. ತುರ್ತು ಸಂದರ್ಭವಾದರೆ ಮೊದಲು ತಡೆ, ವಿಚಾರಣೆ ಆಮೇಲೆ.

ತುರ್ತು ಎಂದರೇನು ಎಂಬುದನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡಿತು. ಅಸ್ಸಾಂ ಗಲಭೆಗಳ ಬೆನ್ನಿಗೆ, ಈಶಾನ್ಯದವರ ಮೇಲೆ ಇಲ್ಲೂ ದಾಳಿಯಾಗುತ್ತದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಿದಾಡಿತು. ಹೋಟೆಲು, ಸೆಕ್ಯುರಿಟಿ, ಬ್ಯೂಟಿ ಪಾರ್ಲರ್ ಕೆಲಸದಲ್ಲಿದ್ದ ಸಾವಿರಾರು ಯುವಜನ ಚೀಲ ಹಿಡಿದು ಸಿಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸುವುದನ್ನು ನಿಷೇಧಿಸಿತು, ಮುನ್ನೂರಕ್ಕೂ ಹೆಚ್ಚು ಪುಟ ಮತ್ತು ಖಾತೆಗಳನ್ನು ತಡೆಯಿತು. ಅಂದು ಏನಾದರೂ ಮಾಡಲೇಬೇಕಿತ್ತು, ಇದನ್ನು ಒಪ್ಪದವರು ಆ ಪ್ಲಾಟ್‌ಫಾರಂ ನೋಡಿಲ್ಲ. ಆದರೆ ಬೆಂಗಳೂರಿನದೇ ಸಂಸ್ಥೆ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಆ ಪಟ್ಟಿಯನ್ನು ಜಾಲಾಡಿದಾಗ ಗೊತ್ತಾದ ವಿಷಯ ಬೇರೆ. ವದಂತಿ ಸುಳ್ಳು ಎಂದು ಬಿಡಿಸಿ ಹೇಳಿದ ಬರಹಗಳೂ, ಪತ್ರಿಕಾ ವರದಿಗಳೂ ಅದರಲ್ಲಿ ಸೇರಿಹೋಗಿದ್ದವು. ಬರೆದವರನ್ನು ಒಂದು ಮಾತು ಕೇಳಿದ್ದರೆ ಈ ಎಡವಟ್ಟು ಅವತ್ತೇ ಸರಿಹೋಗುತ್ತಿತ್ತು.

ಅದೇ ವರ್ಷ ನವೆಂಬರ್‌ನಲ್ಲಿ, ಬಾಳ ಠಾಕ್ರೆ ನಿಧನಾನಂತರದ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೂ ಅದನ್ನು ಲೈಕ್ ಮಾಡಿದ್ದಕ್ಕೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರ ಬಂಧನವಾಯಿತು. 66ಎಯನ್ನು ಪ್ರಶ್ನಿಸಿ ಶ್ರೇಯಾ ಸಿಂಘಾಲ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟ್‌ಗೆ ಹೋದದ್ದು ಆಗ. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎಯನ್ನು ರದ್ದು ಮಾಡಿತು. ದೇಶವೆಲ್ಲ ಸಂಭ್ರಮಿಸಿತು. ಅದೇ ತೀರ್ಪಿನ ಉಳಿದೆರಡು ಭಾಗಗಳಿಗೆ ಸಂಭ್ರಮದಲ್ಲಿ ಜಾಗ ಸಿಗಲಿಲ್ಲ. ಸಮಿತಿ, ನೋಟಿಸ್, ಲಿಖಿತ ಕಾರಣ ಇವೆಯೆಂಬ ನೆಲೆಯಲ್ಲಿ 69ಎ ಉಳಿಯಿತು. 79(3)(ಬಿ)ಯನ್ನು ನ್ಯಾಯಾಲಯ ಬಿಗಿ ಮಾಡಿತು: ಕೋರ್ಟ್ ಆದೇಶ ಇಲ್ಲವೇ ಸರ್ಕಾರದ ಸೂಚನೆ ಬಂದರೆ ಮಾತ್ರ, ಅದೂ ಸಂವಿಧಾನದ 19(2)ನೇ ವಿಧಿ ಒಪ್ಪುವ ಕಾರಣಗಳಿಗೆ ಮಾತ್ರ ಕಂಪನಿ ತೆಗೆಯಬೇಕು.

ಆಮೇಲೆ 69ಎ ಬಳಕೆ ಏರುತ್ತಲೇ ಹೋಯಿತು. ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ 2014ರಲ್ಲಿ ತಡೆಹಿಡಿದ ಲಿಂಕ್‌ಗಳು 471, 2020ರಲ್ಲಿ 9,849. ರೈತ ಚಳವಳಿ ಕಾವೇರಿದ್ದ 2021ರ ಫೆಬ್ರುವರಿ ಮೊದಲ ವಾರದಲ್ಲಿ ನೂರಾರು ಖಾತೆಗಳ ಪಟ್ಟಿ ಟ್ವಿಟರ್‌ಗೆ (ಇಂದಿನ ಎಕ್ಸ್) ಹೋಯಿತು. ‘ಕ್ಯಾರವಾನ್’ ಪತ್ರಿಕೆಯ ಖಾತೆಯೂ ಅದರಲ್ಲಿತ್ತು. ಕಂಪನಿ ಒಮ್ಮೆ ತಡೆಯಿತು, ಕೆಲವೇ ಗಂಟೆಗಳಲ್ಲಿ ತೆರವು ಮಾಡಿತು, ಸರ್ಕಾರ ಗುಡುಗಿದ ಮೇಲೆ ಹಲವನ್ನು ಮತ್ತೆ ತಡೆಯಿತು. ಅದೇ ತಿಂಗಳ 25ರಂದು ಹೊಸ ಐಟಿ ನಿಯಮಗಳು ಬಂದವು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿ ಭಾರತದಲ್ಲೇ ವಾಸಿಸುವ ಅನುಪಾಲನಾ ಅಧಿಕಾರಿಯನ್ನು ನೇಮಿಸಬೇಕು; ಕಂಪನಿ ತಪ್ಪಿದರೆ ಆತ ಖುದ್ದು ಹೊಣೆ. ಸಾವಿರಾರು ಪುಟಗಳ ಕಾನೂನು ಮಾಡದ ಕೆಲಸವನ್ನು ಈ ಒಂದು ಸಾಲು ಮಾಡಿತು. ತಮ್ಮ ಸಿಬ್ಬಂದಿ ಜೈಲಿಗೆ ಹೋಗುವುದಕ್ಕಿಂತ ಕಾನೂನು ಪಾಲಿಸುವುದೇ ಲೇಸೆಂದು ಟ್ವಿಟರ್ ಮಾಲೀಕ ಇಲಾನ್ ಮಸ್ಕ್ ಅವರೇ 2023ರಲ್ಲಿ ಬಿಬಿಸಿಗೆ ಹೇಳಿದರು.

ಟ್ವಿಟರ್‌ನ ಭಾರತದ ಕಚೇರಿ ಬೆಂಗಳೂರಿನಲ್ಲಿದ್ದ ಕಾರಣ ವ್ಯಾಜ್ಯವೂ ಇಲ್ಲಿಗೇ ಬಂತು. 2022ರ ಜುಲೈನಲ್ಲಿ ಕಂಪನಿ 39 ಲಿಂಕ್‌ಗಳ ತಡೆ ಆದೇಶವನ್ನು ಕರ್ನಾಟಕ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿದರು. ಆದೇಶ ಪಾಲಿಸಲು ವಿಳಂಬ ಮಾಡಿದ್ದಕ್ಕೆ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿದರು. ಬರೆದವರ ಪರ ಕಂಪನಿ ವಾದಿಸಿತು, ಬರೆದವರು ಕಟಕಟೆಯ ಹತ್ತಿರವೂ ಇರಲಿಲ್ಲ.

ಇಷ್ಟಾದ ಮೇಲೂ 69ಎ ದಾರಿ ಸರ್ಕಾರಕ್ಕೆ ದೀರ್ಘವೆನಿಸಿತು. ಕಾರಣಗಳು ಸೀಮಿತ, ಸಮಿತಿ ಸೇರಬೇಕು, ಅಧಿಕಾರವೆಲ್ಲ ಐಟಿ ಸಚಿವಾಲಯದಲ್ಲೇ. 2023ರ ಅಕ್ಟೋಬರ್ 31ರಂದು ಆ ಸಚಿವಾಲಯ ಒಂದು ಪತ್ರ ಹೊರಡಿಸಿ, ಇತರ ಸಚಿವಾಲಯಗಳೂ ರಾಜ್ಯಗಳೂ ಪೊಲೀಸರೂ 79(3)(ಬಿ) ಅಡಿ ನೋಟಿಸ್ ಕೊಡಬಹುದೆಂದು ತಿಳಿಸಿತು. ಆ ಹಳೆಯ ಬಾಲಕ್ಕೆ ಜೀವ ಬಂತು. 2024ರ ಅಕ್ಟೋಬರ್‌ನಲ್ಲಿ ಗೃಹ ಸಚಿವಾಲಯ ಇದಕ್ಕೆಂದೇ ‘ಸಹಯೋಗ್’ ಪೋರ್ಟಲ್ ತೆರೆಯಿತು. ನೋಟಿಸ್ ಅದರಲ್ಲಿ ಹೋಗುತ್ತದೆ, ಕಂಪನಿ ಅದರಲ್ಲೇ ಉತ್ತರಿಸಬೇಕು.

ಇದರ ಬಳಕೆ ಹೇಗೆ? 2025ರ ಫೆಬ್ರುವರಿ 15ರಂದು ನವದೆಹಲಿ ರೈಲು ನಿಲ್ದಾಣದ ಕಾಲ್ತುಳಿತದಲ್ಲಿ 18 ಮಂದಿ ಸತ್ತರು. ಎರಡು ದಿನದ ನಂತರ ರೈಲ್ವೆ ಸಚಿವಾಲಯ ಆ ಘಟನೆಯ 280ಕ್ಕೂ ಹೆಚ್ಚು ಲಿಂಕ್‌ಗಳನ್ನು 36 ಗಂಟೆಯೊಳಗೆ ತೆಗೆಯಲು ಎಕ್ಸ್‌ಗೆ ಹೇಳಿತು. ಶವಗಳ ದೃಶ್ಯ ತೋರಿಸಬಾರದು ಎಂಬುದು ಸರಿಯಾದ ಮಾತೇ. ಆದರೆ ಯಾರ ಆಡಳಿತದ ಲೋಪ ಪ್ರಶ್ನೆಯಾಗಿತ್ತೋ ಆ ಇಲಾಖೆಯೇ ಯಾವ ವಿಡಿಯೊ ಉಳಿಯಬೇಕೆಂದು ಹೇಳುವುದು ಯಾವ ಊರಿನ ನ್ಯಾಯ?

ಈ ನೋಟಿಸ್ ವ್ಯವಸ್ಥೆಯನ್ನೇ ಪ್ರಶ್ನಿಸಿ ಮಾರ್ಚ್‌ನಲ್ಲಿ ಎಕ್ಸ್ ಮತ್ತೆ ಕರ್ನಾಟಕ ಹೈಕೋರ್ಟ್‌ಗೆ ಬಂತು. ವಿಚಾರಣೆಯ ಎರಡು ಪ್ರಸಂಗಗಳು ಉಲ್ಲೇಖಾರ್ಹ. ಹೈದರಾಬಾದ್ ಬಳಿ ಮಹಿಳೆಯೊಬ್ಬರು ರೈಲು ಹಳಿಯ ಮೇಲೆ ಕಾರು ಓಡಿಸಿದ ವಿಡಿಯೊ ತೆಗೆಯಲು ರೈಲ್ವೆಯಿಂದ ನೋಟಿಸ್ ಬಂದಿದೆ, ಇದು ಸುದ್ದಿಯಲ್ಲವೇ, ಕಂಡಕಂಡ ಅಧಿಕಾರಿಗಳೆಲ್ಲ ಹೀಗೆ ಆದೇಶ ಕೊಡಬಹುದೇ ಎಂದು ಎಕ್ಸ್ ಪರ ಹಿರಿಯ ವಕೀಲ ಕೆ.ಜಿ. ರಾಘವನ್ ಕೇಳಿದರು. ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಕೆಲವು ದಿನಗಳ ಬಳಿಕ ಇನ್ನೊಂದು ಮುಖ ತೋರಿಸಿದರು. ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಎಂಬ ಇಲ್ಲದ ನ್ಯಾಯಾಲಯದ ಹೆಸರಲ್ಲಿ ಖಾತೆ ತೆರೆಸಿ, ಅದಕ್ಕೆ ಎಕ್ಸ್ ದೃಢೀಕರಣದ ಗುರುತನ್ನೂ ಕೊಟ್ಟಿರುವುದನ್ನು ನ್ಯಾಯಪೀಠದ ಮುಂದಿಟ್ಟರು. ಏಟು ಸರಿಯಾಗಿಯೇ ಬಿತ್ತು. ಗುರುತನ್ನು ಹಣಕ್ಕೆ ಮಾರುವ ಕಂಪನಿ ವಾಕ್ ಸ್ವಾತಂತ್ರ್ಯದ ವಕಾಲತ್ತು ವಹಿಸಿದರೆ ಹೀಗೇ ಆಗುವುದು.

ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿ ವಜಾ ಮಾಡಿದರು. 19ನೇ ವಿಧಿಯ ಹಕ್ಕು ನಾಗರಿಕರದ್ದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ. ಶ್ರೇಯಾ ಸಿಂಘಾಲ್ ತೀರ್ಪು 79ನೇ ಸೆಕ್ಷನ್ ಅಡಿಯ 2011ರ ನಿಯಮಗಳ ಮೇಲಿನದು, ಈಗಿನ ನಿಯಮಗಳಿಗೆ ಅದನ್ನು ಹಾಗೇ ಅನ್ವಯಿಸಲಾಗದು ಎಂದರು. ಮೇಲ್ಮನವಿ ಹೋಗುತ್ತೇವೆ ಎಂದು ಎಕ್ಸ್ ಹೇಳಿತು. ಗೆದ್ದ ಸರ್ಕಾರವೇ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿತು. ನೋಟಿಸ್ ಕೊಡುವ ಅಧಿಕಾರಿ ಜಂಟಿ ಕಾರ್ಯದರ್ಶಿ ದರ್ಜೆಗೂ, ಪೊಲೀಸರಾದರೆ ಡಿಐಜಿ ದರ್ಜೆಗೂ ಕಡಿಮೆಯಿರಬಾರದು, ಕಾರಣ ಬರೆಯಬೇಕು, ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದಲ್ಲಿ ಪರಿಶೀಲನೆಯಾಗಬೇಕು. ಇದು ಒಳ್ಳೆಯದೇ. ಆದರೂ ಬರೆದವರಿಗೆ ನೋಟಿಸ್ ಕೊಡಿ ಎಂಬ ಮಾತು ಅದರಲ್ಲೂ ಇಲ್ಲ.

ಇದನ್ನೆಲ್ಲ ಕೇಂದ್ರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. 66ಎ, 69ಎ ತಂದದ್ದು ಯುಪಿಎ. 2011ರ ನಿಯಮಗಳನ್ನು 2012ರಲ್ಲಿ ರಾಜ್ಯಸಭೆಯಲ್ಲಿ ಟೀಕಿಸಿದವರಲ್ಲಿ ಆಗಿನ ವಿರೋಧ ಪಕ್ಷದ ನಾಯಕ ಅರುಣ್ ಜೇಟ್ಲಿಯವರೂ ಇದ್ದರು. ಅವರ ಪಕ್ಷದ ಸರ್ಕಾರವೇ 2021ರ ನಿಯಮಗಳನ್ನು ಬರೆಯಿತು. ನಮ್ಮದೇ ರಾಜ್ಯದ ಕಾಂಗ್ರೆಸ್ ಸರ್ಕಾರ 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರ ಪಡೆದ ದ್ವೇಷ ಭಾಷಣ ತಡೆ ಮಸೂದೆಯಲ್ಲೂ, ಅಂತರ್ಜಾಲದ ವಿಷಯ ತೆಗೆಸುವ ಅಧಿಕಾರವನ್ನು ಗೊತ್ತುಪಡಿಸಿದ ಅಧಿಕಾರಿಗೆ ಕೊಟ್ಟಿದೆ. ನ್ಯಾಯಾಲಯಗಳ ದಾರಿ ಬೇರೆಯೇ ಇದೆ. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಹೂತಿಟ್ಟ ಆರೋಪದ ಪ್ರಕರಣಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರು ಪಕ್ಷವನ್ನು ಕೇಳದೆ ಕೊಟ್ಟ ಏಕಪಕ್ಷೀಯ ಆದೇಶ 8,842 ಲಿಂಕ್‌ಗಳಿಗೆ ಸಂಬಂಧಿಸಿತ್ತು. ಯೂಟ್ಯೂಬ್ ವಾಹಿನಿಯೊಂದು ಹೈಕೋರ್ಟ್‌ಗೆ ಹೋಗಿ ಆಗಸ್ಟ್ 1ರಂದು ಅದನ್ನು ರದ್ದು ಮಾಡಿಸಿಕೊಂಡು ಬಂತು.

ಅಂದರೆ ಬರೆದವರೇ ಬಾಗಿಲು ತಟ್ಟಿದರೆ ಕೆಲವೊಮ್ಮೆ ತೆರೆಯುತ್ತದೆ. ಪತ್ರಕರ್ತ ತನುಲ್ ಠಾಕೂರ್ ವರದಕ್ಷಿಣೆಯನ್ನು ಲೇವಡಿ ಮಾಡಲು ‘ಡೌರಿ ಕ್ಯಾಲ್ಕುಲೇಟರ್’ ಎಂಬ ಜಾಲತಾಣ ಮಾಡಿದ್ದರು. ವರನ ವಯಸ್ಸು, ಓದು, ಸಂಬಳ ತುಂಬಿದರೆ ರೇಟು ಹೇಳುವ ವಿಡಂಬನೆ ಅದು. 2018ರಲ್ಲಿ ಅದನ್ನು ತಡೆದಾಗ ಅವರಿಗೆ ನೋಟಿಸೂ ಇಲ್ಲ, ಆದೇಶದ ಪ್ರತಿಯೂ ಇಲ್ಲ. ದೆಹಲಿ ಹೈಕೋರ್ಟ್ 2022ರ ಮೇ ತಿಂಗಳಲ್ಲಿ, ಆದೇಶದ ಪ್ರತಿ ಕೊಟ್ಟು ಅವರ ಅಹವಾಲು ಕೇಳಿ ಎಂದು ಸರ್ಕಾರಕ್ಕೆ ಹೇಳಿತು. ಗುರುತಿಸಬಹುದಾದ ವ್ಯಕ್ತಿಗೆ ನೋಟಿಸ್ ಹೋಗಬೇಕು ಎಂಬ ಅಭಿಪ್ರಾಯವನ್ನು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪೀಠವೂ ಇನ್ನೊಂದು ಅರ್ಜಿಯ ವಿಚಾರಣೆಯಲ್ಲಿ ಮೌಖಿಕವಾಗಿ ವ್ಯಕ್ತಪಡಿಸಿತು.

ಆದ್ದರಿಂದ ಓದುಗರಲ್ಲಿ ಒಂದು ಮಾತು. ನಿಮ್ಮ ಬರಹವೋ ವಿಡಿಯೊವೋ ತಡೆಯಾಗಿದೆ ಎಂದು ಕಂಪನಿಯಿಂದ ಇ-ಮೇಲ್ ಬಂದರೆ ಅದನ್ನು ಅಳಿಸಬೇಡಿ. ಯಾವ ಸೆಕ್ಷನ್, ಯಾವ ಇಲಾಖೆ, ಯಾವ ತಾರೀಖು ಎಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಕೇಳಿ. ಆದೇಶದ ಪ್ರತಿ ಕೊಡಿ ಎಂದು ಐಟಿ ಸಚಿವಾಲಯಕ್ಕೂ ಬರೆಯಿರಿ. ಗೋಪ್ಯ ಎಂಬ ಉತ್ತರ ಬಂದರೆ ಅದನ್ನೂ ಜೋಪಾನವಾಗಿಡಿ. ಹೈಕೋರ್ಟ್‌ಗೆ ಹೋಗುವಾಗ ಅದೇ ನಿಮ್ಮ ಮೊದಲ ದಾಖಲೆ.