ಮನೆ ಮಡಕಶಿರಾದಲ್ಲಿ, ಹುಡುಗ ನಾನ್-ಲೋಕಲ್!

ಕನ್ನಡ ಬಿಡಬಾರದೆಂದು ನಮ್ಮ ಮಡಕಶಿರಾ ಕಡೆಯ ಕೆಲವರು ಮಕ್ಕಳನ್ನು ಪಾವಗಡ, ಮಧುಗಿರಿಗೆ ಕಳಿಸಿ ಪಿಯುಸಿ ಓದಿಸ್ತಾರೆ. ಆಮೇಲೆ ಆಂಧ್ರದಲ್ಲೇ ಲಾ ಓದಲಿ ಅಂತ ಲಾಸೆಟ್‌ಗೆ ಅರ್ಜಿ ಹಾಕಿಸ್ತಾರೆ. ಪರೀಕ್ಷೆಗೆ ಹೆದರಬೇಕಿಲ್ಲ: ಒಂದೂವರೆ ಗಂಟೆ, 120 ಪ್ರಶ್ನೆ. ಇಂಗ್ಲಿಷ್, ತೆಲುಗಿನಲ್ಲಿರುತ್ತೆ, ಕನ್ನಡದಲ್ಲಿಲ್ಲ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟೋ ನನಗೆ ಇದು ಚುಚ್ಚುತ್ತೆ, ಇರಲಿ.

ತೊಡಕಿರೋದು 'ಲೋಕಲ್' ಅನ್ನೋ ಕಾಲಂನಲ್ಲಿ. 1974ರ ರಾಷ್ಟ್ರಪತಿ ಆದೇಶದಿಂದ ಬಂದ ನಿಯಮದಂತೆ ನೂರಕ್ಕೆ 85 ಸೀಟು ಸ್ಥಳೀಯರಿಗೆ. ಸಾಮಾನ್ಯವಾಗಿ ಕಡೆಯ ನಾಲ್ಕು ವರ್ಷ ಇಲ್ಲೇ ಓದಿರಬೇಕು. ರೇಷನ್ ಕಾರ್ಡು, ಪಟ್ಟಾ ಪಾಸ್‌ಬುಕ್ಕು ಇಲ್ಲಿಯದಾದರೂ ಲೆಕ್ಕಕ್ಕಿಲ್ಲ. ಉಳಿದ 15ಕ್ಕೆ ಪೈಪೋಟಿ ಮಾಡೋಕೆ, ತಂದೆ ಅಥವಾ ತಾಯಿ ಆಂಧ್ರದಲ್ಲಿ 10 ವರ್ಷ ವಾಸವಿದ್ದಾರೆಂಬ ಸರ್ಟಿಫಿಕೇಟು ಬೇಕು. ಅದನ್ನು ತಹಸೀಲ್ದಾರರ ಕಚೇರಿಯಿಂದ ಕೌನ್ಸೆಲಿಂಗಿಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ರೈತ ಕನ್ನಡದಲ್ಲಿ ಹೇಳಿಕೊಂಡದ್ದನ್ನು ತೆಲುಗಿನಲ್ಲಿ ಬರೆದುಕೊಡೋ ವಕೀಲರು ನಮ್ಮ ಕೋರ್ಟುಗಳಿಗೆ ಬೇಕಾಗಿದ್ದಾರೆ.